ಕರೆಂಟಿನ ಶ್ರುತಿ

ಕರೆಂಟಿಗೂ ಒಂದು ಶ್ರುತಿ ಇದೆ ಅಂತ ನನಗೆ ಗೊತ್ತಾಗಿದ್ದು ತೀರ್ಥಹಳ್ಳಿ ಕಡೆಯ ಒಂದು ಊರಿನ ಗಣಪತಿ ಪೆಂಡಾಲಿನಲ್ಲಿ. ಶಾಲೆಯ ಜಗಲಿಯೇ ಸ್ಟೇಜು. ಗೋಡೆಯ ಸಾಕೆಟ್ಟಿನಲ್ಲಿ ಪ್ಲಗ್ ಇಲ್ಲ, ಎರಡು ವೈರಿನ ತುದಿ ತುರುಕಿ ಅಲ್ಲಾಡದ ಹಾಗೆ ಬೆಂಕಿಕಡ್ಡಿ ಸಿಕ್ಕಿಸಿದ್ದರು. ನಾನು ತಗ್ಗು ಸ್ವರದ, ನಾಲ್ಕು ತಂತಿಯ ಬೇಸ್ ಗಿಟಾರ್ ಹೆಗಲಿಗೆ ಹಾಕಿ ಜ್ಯಾಕ್ ಚುಚ್ಚಿದ್ದೇ ತಡ, ಸ್ಪೀಕರಿನಿಂದ ಗುಂಯ್ ಅಂತ ಶುರುವಾಯಿತು. ಡಬ್ಬಿಯೊಳಗೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ. ಕಾಲ ಬುಡದಲ್ಲಿದ್ದ, ಯಾವ ಸ್ವರ ಅಂತ ತೋರಿಸುವ ಟ್ಯೂನರ್ ಪೆಡಲ್ ನೋಡಿದೆ. ತಂತಿ ಮುಟ್ಟಿಯೇ ಇಲ್ಲ, ಅದು ಆಗಲೇ ಪಾಶ್ಚಾತ್ಯ ಸಂಗೀತದ ‘ಜಿ’ ಸ್ವರ ಅಂತ ತೋರಿಸುತ್ತಿದೆ. ಪಕ್ಕಾ ಜಿ ಅಲ್ಲ, ಮುಳ್ಳು ಬಲಕ್ಕೆ ವಾಲಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಚೀಚೆ ಆಗುತ್ತದೆ. ಬೇಸಿನ ಅತೀ ದಪ್ಪ ತಂತಿ, ಅಂದರೆ ಇ ತಂತಿ, ಸುಮ್ನೆ ಮೀಟಿದರೆ 41 ಸಲ ಕಂಪಿಸುತ್ತದೆ. ಅದರ ಮೂರನೇ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಮೂರನೇ ಲೋಹದ ಪಟ್ಟಿಯಲ್ಲಿ, ಬೆರಳಿಟ್ಟರೆ ಜಿ, 49. ಅಂದರೆ ಈ ಹಮ್ಮಿಂಗ್ ಬಂದು ಕೂತಿರುವುದು ಸರಿಯಾಗಿ ನನ್ನ ಜಾಗದಲ್ಲೇ, ಅದೂ ಅರ್ಧ ಸ್ವರದ ಮೂರನೇ ಒಂದು ಪಾಲು ಮೇಲೆ. ಕೊಳಲಿನವರಿಗೆ, ಪಿಟೀಲಿನವರಿಗೆ ಇಷ್ಟು ಕೆಳಗೆ ಕೆಲಸವೇ ಇಲ್ಲ. ಅಮೆರಿಕದಲ್ಲಿ ಕರೆಂಟು 60 ಸಲ, ಹಾಗಾಗಿ ಅಲ್ಲಿಯ ಬೇಸಿನವರಿಗೆ ಎ ಶಾರ್ಪಿಗೂ ಬಿಗೂ ನಡುವೆ ಗುಂಯ್ ಅನ್ನುತ್ತದೆ. ಅವರಿಗೂ ಶ್ರುತಿ ಸೇರಲ್ಲ ಅನ್ನೋದೇ ಒಂದು ಸಮಾಧಾನ.

ಅವತ್ತು ಕೋರಸ್ ಹಾಡೋದೂ ನನ್ನ ಪಾಲಿಗೆ ಬಂದಿತ್ತು. ಎಡಗೈ ತಂತಿ ಮೇಲೆ ಇಟ್ಟುಕೊಂಡೇ ಮೈಕಿಗೆ ಬಾಯಿ ಒಡ್ಡಿದೆ. ತುಟಿಗೆ ಚುರ್ ಅಂತ ಹೊಡೀತು, ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಗಿಟಾರಿಗೆ ಒಂದು ಲೈನು, ಮೈಕಿನ ಆಂಪ್ಲಿಫೈಯರಿಗೆ ಇನ್ನೊಂದು ಲೈನು, ಅರ್ಥಿಂಗ್ ಎರಡಕ್ಕೂ ಇಲ್ಲ, ಎರಡನ್ನೂ ಸೇರಿಸಿದ ಕಾಲುಸಂಕ ನಾನು. ಮುಂದಿನ ಸಾಲಿನ ಹುಡುಗರು ಅದನ್ನು ಸ್ಟೆಪ್ಪು ಅಂದುಕೊಂಡು ಶಿಳ್ಳೆ ಹೊಡೆದರು. ನಮ್ಮ ಕೀಬೋರ್ಡ್ ಅಣ್ಣ ಹಾಡು ನಿಲ್ಲಿಸದೆಯೇ ಕಣ್ಣಲ್ಲೇ ‘ಏನಾಯ್ತು’ ಅಂದ. ನಾನೂ ಆಗ ನಕ್ಕೆ. ಆದರೆ 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಅನ್ನುವ ಗಿಟಾರಿನವನು ಇದೇ ಥರ ಸ್ಟೇಜಿನ ಮೇಲೆ ಮೈಕ್ ಮುಟ್ಟಿ ಸತ್ತೇ ಹೋದ ಅಂತ ಆಮೇಲೆ ಓದಿದೆ. ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಗಿಟಾರಿಗಿಂತ ಮುಂಚೆ ಹೋಗೋದು ಒಂದು ಟೆಸ್ಟರ್ ಮತ್ತು ಮೈಕಿಗೆ ಹಾಕುವ ಸ್ಪಾಂಜಿನ ಟೋಪಿ.

ನಾನು ಬೇಸಿಗೆ ಬಂದಿದ್ದು ಇಷ್ಟಪಟ್ಟಲ್ಲ. ಶಿವಮೊಗ್ಗದಲ್ಲಿ ಕಾಲೇಜಿನಲ್ಲಿದ್ದಾಗ ನಮ್ಮ ಗುಂಪಿನಲ್ಲಿ ಗಿಟಾರಿನವರೇ ಮೂವರು. ಚೀಟಿ ಎತ್ತಿದೆವು, ಬೇಸ್ ನನಗೆ ಬಂತು. ಮೂರು ತಿಂಗಳು ಮುಖ ಊದಿಸಿಕೊಂಡಿದ್ದೆ. ಆಗ ನನಗೆ ಬೇಸ್ ಅಂದರೆ ಎರಡು ತಂತಿ ಕಮ್ಮಿ ಇರುವ ಗಿಟಾರ್ ಅಷ್ಟೇ. ಆಮೇಲೆ ಮನೆಯ ಟೇಪ್ ರೆಕಾರ್ಡರಿನಲ್ಲಿ ಇಳಯರಾಜ ಅವರ ಹಾಡುಗಳನ್ನು ಕೇಳುತ್ತಾ ಕೂತಾಗ ಒಂದು ದಿನ ಕಿವಿ ತೆರೆಯಿತು. ಮೇಲೆ ಗಾಯಕಿ ಒಂದು ಹಾಡು ಹೇಳುತ್ತಿದ್ದರೆ ಕೆಳಗೆ ಬೇಸ್ ಇನ್ನೊಂದೇ ಹಾಡು ಹೇಳುತ್ತಿದೆ, ಎರಡಕ್ಕೂ ಜಗಳವಿಲ್ಲ. ಇಳಯರಾಜ ಶುರುವಿನ ದಿನಗಳಲ್ಲಿ ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದವರು ಅಂತ ತಿಳಿದಾಗ, ಅದರಲ್ಲಿ ನನ್ನದೇನೂ ಪಾತ್ರವಿಲ್ಲದಿದ್ದರೂ, ಸುಮ್ನೆ ಖುಷಿಯಾಗಿತ್ತು.

ಮೊದಲ ಬೇಸ್ ಸೆಕೆಂಡ್ ಹ್ಯಾಂಡ್. ಅದರ ಜ್ಯಾಕ್ ಸಡಿಲ. ಕುಣಿದರೆ ಸೌಂಡ್ ಹೋಗುತ್ತಿತ್ತು, ಹಾಗಾಗಿ ನಾನು ಕುಣಿಯದ ಗಂಭೀರ ವಾದಕ ಅಂತ ಹೆಸರಾಯಿತು. ಅದನ್ನು ತಗೊಂಡು ಹೋಗಿದ್ದು ನಮ್ಮ ಬೀದಿಯ ರೇಡಿಯೋ ರಿಪೇರಿ ಅಂಗಡಿಗೆ. ಬೀದಿಗೆಲ್ಲ ಅವರು ರೇಡಿಯೋ ಮಾಮ. ಗಿಟಾರು ಹಿಡಿದವರೇ ಅಲ್ಲ. ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ‘ಇಷ್ಟೇನಾ? ಒಂದು ಮ್ಯಾಗ್ನೆಟ್ಟು, ಅದಕ್ಕೆ ತಂತಿ ಸುತ್ತಿದ್ದಾರೆ. ಇದಕ್ಕೆ ಅಷ್ಟು ದುಡ್ಡು ಕೊಟ್ಟೆಯಾ ಮಾರಾಯ’ ಅಂದರು. ಸಾಲ್ಡರಿಂಗ್ ಹೊಗೆ ಮೂಗಿಗೆ ಬಡಿಯುತ್ತಿದ್ದ ಆ ಸಂಜೆ ನನಗೆ ತಂತಿಯ ಕಂಪನ ಹಿಡಿಯುವ ಆ ಪಿಕಪ್ ಹೇಗೆ ಕೆಲಸ ಮಾಡುತ್ತೆ, ಹಮ್ಮಿಂಗ್ ಯಾಕೆ ಬರುತ್ತೆ ಎಲ್ಲಾ ಹೇಳಿಕೊಟ್ಟರು. ತಂತಿ ಸುತ್ತಿದ ಸುರುಳಿ ನಿನ್ನ ತಂತಿಯನ್ನಷ್ಟೇ ಕೇಳಲ್ಲ, ಸುತ್ತಮುತ್ತ ಇರುವ ಟ್ರಾನ್ಸ್‌ಫಾರ್ಮರು, ಸೀರಿಯಲ್ ಸೆಟ್ಟು ಎಲ್ಲದರ ಮಾತನ್ನೂ ಕೇಳುತ್ತೆ ಅಂತ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಬೇಸ್ ಗಿಟಾರನ್ನು ಮನೆಮನೆಗೆ ತಂದ ಲಿಯೋ ಫೆಂಡರ್ ಕೂಡ ರೇಡಿಯೋ ರಿಪೇರಿಯವನೇ! ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಅಂಗಡಿ ಇಟ್ಟಿದ್ದವನು. ಅವನಿಗೂ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1951ರಲ್ಲಿ ಅವನು ಪ್ರಿಸಿಷನ್ ಬೇಸ್ ಮಾಡಿದ. ಅದಕ್ಕೂ ಮುಂಚೆ ಬೇಸ್ ಅಂದರೆ ಆಳೆತ್ತರದ ಪಿಟೀಲು, ಅದನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಊರೂರು ತಿರುಗಬೇಕಿತ್ತು, ಮತ್ತೆ ಡ್ರಮ್ಮಿನ ಮುಂದೆ ಅದು ಕೇಳಿಸುತ್ತಲೂ ಇರಲಿಲ್ಲ. ಹೊಸದರಲ್ಲಿ ಫ್ರೆಟ್ ಇದ್ದ ಕಾರಣ ಸ್ವರ ತಪ್ಪುವ ಹಾಗಿಲ್ಲ, ಅದಕ್ಕೇ ಆ ಹೆಸರು. 1960ರಲ್ಲಿ ಜಾಝ್ ಬೇಸ್ ಬಂತು, ನನ್ನದು ಅದರ ಮಾದರಿಯದ್ದು. ಅದರಲ್ಲಿ ಎರಡು ಪಿಕಪ್. ಒಂದನ್ನೇ ಹೆಚ್ಚಿಸಿದರೆ ಚಂದದ ಸೌಂಡು, ಜೊತೆಗೆ ಗುಂಯ್. ಎರಡನ್ನೂ ಪೂರ್ತಿ ತಿರುಗಿಸಿದರೆ ಒಂದರ ಹಮ್ಮಿಂಗನ್ನು ಇನ್ನೊಂದು ಹೊಡೆದುಹಾಕುತ್ತದೆ. ಟೋನ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ಗೆಳೆಯರು ನನಗೂ ಇದ್ದಾರೆ, ‘ನೀನು ಯಾವ ಪಿಕಪ್ ಮೇಲೆ ನುಡಿಸ್ತೀಯ’ ಅಂತ ಕೇಳುತ್ತಾರೆ. ಆ ಊರಿನ ಟ್ರಾನ್ಸ್‌ಫಾರ್ಮರ್ ಹೇಗಿದೆಯೋ ಹಾಗೆ ಅನ್ನುತ್ತೇನೆ.

ಮರದ ವಿಷಯ ಒಂದು ಹೇಳಲೇಬೇಕು. ನನ್ನ ಈಗಿನ ಬೇಸಿನ ಫಿಂಗರ್‌ಬೋರ್ಡ್, ಅಂದರೆ ಬೆರಳಿಡುವ ಮರದ ಪಟ್ಟಿ, ಇಂಡಿಯನ್ ರೋಸ್‌ವುಡ್ ಅಂತ ಕಾಗದದಲ್ಲಿ ಬರೆದಿತ್ತು. ಅದೇನು ದೊಡ್ಡ ವಿದೇಶಿ ಸರಕು ಅಂದುಕೊಂಡಿದ್ದೆ. ಅಜ್ಜನ ಮನೆಗೆ ತಗೊಂಡು ಹೋದಾಗ ಅಜ್ಜ ಬೆರಳಾಡಿಸಿ, ‘ಇದು ಬೀಟೆ ಅಲ್ವಾ’ ಅಂದರು. ಅವರು ಮಲಗುತ್ತಿದ್ದ ಮಂಚವೂ ಬೀಟೆಯದ್ದೇ. ಬ್ರೆಜಿಲ್ಲಿನ ಮರ ಸಿಗೋದು ಕಷ್ಟವಾದಾಗ, 1969ರ ಹೊತ್ತಿಗೆ ಮಾರ್ಟಿನ್ ಥರದ ಹೆಸರಾದ ಗಿಟಾರ್ ಕಂಪನಿಯೇ ಭಾರತದ ಬೀಟೆಗೆ ಬಂದಿತ್ತು. ನಮ್ಮ ಕಡೆ ತೋಟದಲ್ಲಿ ಬೀಟೆ ಮರ ಗಾಳಿಗೆ ಬಿದ್ದರೂ ಫಾರೆಸ್ಟಿನವರಿಗೆ ಹೇಳದೆ ಮುಟ್ಟುವ ಹಾಗಿಲ್ಲ, ಆ ಮರ ಎಲ್ಲೆಲ್ಲೋ ಸುತ್ತಿ ಗಿಟಾರಾಗಿ ವಾಪಸ್ ಬಂದು ನನ್ನ ಬೆರಳಡಿ ಕೂತಿದೆ. 2017ರಲ್ಲಿ ಈ ಜಾತಿಯ ಮರಗಳ ಸಾಗಣೆಗೆ ಅಂತಾರಾಷ್ಟ್ರೀಯ ನಿಯಮ ಬಿಗಿಯಾಗಿ ಗಿಟಾರಿಗೂ ಕಾಗದಪತ್ರ ಕೇಳುವಂತಾಗಿತ್ತು, 2019ರ ಕೊನೆಗೆ ವಾದ್ಯಗಳನ್ನು ಬಿಟ್ಟುಕೊಟ್ಟರು. ಅಜ್ಜನಿಗೆ ಇದೆಲ್ಲ ಹೇಳಿದರೆ, ‘ಮಂಚಕ್ಕೂ ಕೇಳ್ತಾರಾ’ ಅಂದಿದ್ದರು.

ತಂತಿಗಳದ್ದು ಬೇರೆಯೇ ಗೋಳು. ಒಳ್ಳೆ ಬೇಸ್ ತಂತಿ ಒಂದು ಸೆಟ್ಟಿಗೆ ಎರಡು ಸಾವಿರದ ಮೇಲೆ. ಮಲೆನಾಡಿನ ಮಳೆಗಾಲದಲ್ಲಿ ಮೂರು ವಾರಕ್ಕೆ ಕಿಲುಬು. ಅದಕ್ಕೆ ಬಡವರ ಉಪಾಯ ಒಂದಿದೆ, ತಂತಿ ಬಿಚ್ಚಿ ನೀರಿನಲ್ಲಿ ಕುದಿಸೋದು. ಸುರುಳಿಯ ಸಂದಿಯಲ್ಲಿ ಸೇರಿಕೊಂಡ ಬೆವರು, ಕೊಳೆ ಬಿಟ್ಟುಕೊಂಡು ಎರಡು ಮೂರು ಕಾರ್ಯಕ್ರಮಕ್ಕೆ ಹೊಸದರ ಹಾಗೆ ಝಣಝಣ ಅನ್ನುತ್ತದೆ. ಅಮ್ಮ ಹಾಲು ಕಾಯಿಸುವ ಪಾತ್ರೆಯಲ್ಲಿ ಒಂದು ಸಲ ಈ ಸಾರು ಮಾಡಿ ಸಿಕ್ಕಿಬಿದ್ದೆ. ಆ ಪಾತ್ರೆ ಆಮೇಲೆ ನನ್ನದೇ ಆಯಿತು, ಈಗಲೂ ಇದೆ. ಆದರೆ ಡೆಟ್ರಾಯಿಟ್ಟಿನ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗದ ಹೊರತು ಬದಲಾಯಿಸುತ್ತಲೇ ಇರಲಿಲ್ಲವಂತೆ, ಬಲಗೈಯ ಒಂದೇ ಬೆರಳಲ್ಲಿ ನುಡಿಸುತ್ತಿದ್ದನಂತೆ ಅಂತ ಓದಿದ ಮೇಲೆ ಕುದಿಸೋದನ್ನು ಬಿಟ್ಟೆ. ಹಳೇ ತಂತಿಯ ಧಪ್ ಧಪ್ ಸೌಂಡೇ ನನ್ನ ಶೈಲಿ ಅಂತ ಹೇಳಿಕೊಳ್ಳಲು ಒಂದು ದೊಡ್ಡ ಹೆಸರು ಸಿಕ್ಕಿತಲ್ಲ.

ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಅಲ್ಲೊಂದು ಪಬ್ ಬ್ಯಾಂಡಿನಲ್ಲಿ ಏಳು ವರ್ಷ ನುಡಿಸಿದೆ. ಆಗ ಬೆಂಗಳೂರಿನಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಥರದ ಬ್ಯಾಂಡಿನವರು ತಮ್ಮದೇ ಹಾಡು ಕಟ್ಟುತ್ತಿದ್ದರು, ನಾವು ಬೇರೆಯವರ ಹಾಡನ್ನು ನುಡಿಸಿ ಬಿರಿಯಾನಿ ತಿಂದು ಬರುತ್ತಿದ್ದೆವು. ನಮ್ಮ ಕಷ್ಟ ಇದ್ದಿದ್ದು ಹೆಸರಿನಲ್ಲಿ. ‘ಲೈವ್ ಬ್ಯಾಂಡ್’ ಅಂದರೆ ಕನ್ನಡ ಪೇಪರ್ ಓದುವವರಿಗೆ ಏನು ಅರ್ಥ ಅಂತ ನಿಮಗೆ ಗೊತ್ತು. ‘ಲೈವ್ ಬ್ಯಾಂಡ್ ಮೇಲೆ ದಾಳಿ’ ಅಂತ ವಾರಕ್ಕೊಂದು ಸುದ್ದಿ ಬರುತ್ತಿದ್ದ ಕಾಲ. 2005ರಲ್ಲಿ ಅದನ್ನು ಹಿಡಿತಕ್ಕೆ ತರಲು ಲೈಸೆನ್ಸ್ ನಿಯಮ ಬಂತು. ಡ್ಯಾನ್ಸ್ ಬಾರಿಗೂ ನಮಗೂ ವ್ಯತ್ಯಾಸ ಮಾಡುವವರು ಯಾರು? ಹೆಣ್ಣು ನೋಡಲು ಹೋದಾಗ ನಮ್ಮ ಚಿಕ್ಕಪ್ಪ ಬಹಳ ಹೆಮ್ಮೆಯಿಂದ ‘ನಮ್ಮ ಹುಡುಗ ಆಫೀಸ್ ಮುಗಿಸಿ ರಾತ್ರಿ ಲೈವ್ ಬ್ಯಾಂಡಿಗೆ ಹೋಗ್ತಾನೆ’ ಅಂದುಬಿಟ್ಟರು. ಕಾಫಿ ಲೋಟ ಅಲ್ಲೇ ನಿಂತಿತು. ಆ ಸಂಬಂಧ ಮುಂದುವರಿಯಲಿಲ್ಲ. ಮುಂದಿನ ಮನೆಗೆ ಹೋಗುವಾಗ ‘ಸುಗಮ ಸಂಗೀತ’ ಅಂತ ಹೇಳಿಕೊಟ್ಟಿದ್ದೆ. ಹೆಂಡತಿ ಇವತ್ತಿಗೂ ಆ ಸುಳ್ಳನ್ನು ಎತ್ತಿ ಆಡುತ್ತಾಳೆ.

ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ರಸಮಂಜರಿ. ಇದರ ವರ್ಷವೇ ಬೇರೆ. ಗಣಪತಿ ಕೂರಿಸಿದ ದಿನದಿಂದ ಕೊನೆಯ ವಿಸರ್ಜನೆ ತನಕ ಉಸಿರು ಬಿಡಲು ಪುರುಸೊತ್ತಿಲ್ಲ, ಆಮೇಲೆ ದಸರಾ, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ, ಸಂಕ್ರಾಂತಿಯಿಂದ ಜಾತ್ರೆ, ಬೇಸಿಗೆಯಲ್ಲಿ ಮದುವೆ ರಿಸೆಪ್ಷನ್ನು. ಆಷಾಢ ಬಂದರೆ ಎಲ್ಲಾ ಬಂದ್. ಟೆಂಪೋ ಟ್ರಾವೆಲರಿನಲ್ಲಿ ಕಾಲು ಚಾಚಲು ಜಾಗವಿಲ್ಲದೆ ರಿದಮ್ ಪ್ಯಾಡಿನ ಪೆಟ್ಟಿಗೆ ಮೇಲೆ ತಲೆಯಿಟ್ಟು ಮಲಗಿ, ಬೆಳಗಿನ ಜಾವ ನಾಲ್ಕಕ್ಕೆ ಮನೆ ಸೇರಿ, ಒಂಬತ್ತಕ್ಕೆ ಆಫೀಸು. ಆರೂವರೆಗೆ ಶುರು ಅಂತ ಹ್ಯಾಂಡ್‌ಬಿಲ್ಲಿನಲ್ಲಿ ಇರುತ್ತದೆ. ದೀಪ ಬೆಳಗಿ, ಸ್ವಾಗತ ಮಾಡಿ, ಹನ್ನೆರಡು ಜನಕ್ಕೆ ಶಾಲು ಹೊದಿಸಿ, ಎಲ್ಲರೂ ‘ಎರಡೇ ಮಾತು’ ಆಡಿ ಮುಗಿಸುವಾಗ ಒಂಬತ್ತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕು ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಇದೆ. ಹಬ್ಬಹರಿದಿನಕ್ಕೆ 12ರ ತನಕ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ನಲವತ್ತು ಹಾಡು ತಾಲೀಮು ಮಾಡಿ ಹೋದವರು ಹತ್ತು ನುಡಿಸಿ ಬಂದದ್ದು ಎಷ್ಟು ಸಲವೋ.

ಅಲ್ಲಿಯ ಸೌಂಡು ಕೇಳಬೇಡಿ. ಕೆಲವು ಊರಲ್ಲಿ ಇನ್ನೂ ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್. ಅದರಲ್ಲಿ ಬೇಸಿನ ತಗ್ಗು ಸ್ವರ ಹೊರಗೇ ಬರೋದಿಲ್ಲ, ತಂತಿಗೆ ಬೆರಳು ತಾಗಿದ ಟಕ್ ಟಕ್ ಮಾತ್ರ. ದೊಡ್ಡ ಸಿಸ್ಟಮ್ ಇದ್ದ ಕಡೆ ತದ್ವಿರುದ್ಧ, ಮೈದಾನದ ಕೊನೆಯಲ್ಲಿ ಮಂಡಕ್ಕಿ ಮಾರುವವನ ಎದೆಗೆ ಗುದ್ದುತ್ತದೆ, ಸ್ಟೇಜಿನ ಮೇಲಿರುವ ನನಗೆ ಮಾತ್ರ ಸರಿಯಾಗಿ ಕೇಳಿಸೋಲ್ಲ. ಸುಮ್ನೆ ಕೂತಾಗ ಒಮ್ಮೆ ಲೆಕ್ಕ ಹಾಕಿದ್ದೆ, ಇ ತಂತಿಯ ಒಂದು ಅಲೆಯ ಉದ್ದ ಸುಮಾರು 27 ಅಡಿ. ನಮಗೆ ಸಿಗುವ ಸ್ಟೇಜು ಹೆಚ್ಚೆಂದರೆ 24. ನನ್ನ ಸ್ವರವೊಂದು ಕೈಕಾಲು ಚಾಚಿದರೆ ಸ್ಟೇಜಿನಿಂದ ಆಚೆ ಬೀಳುತ್ತದೆ.

ಈ ಮಧ್ಯೆ ಕೀಬೋರ್ಡಿನ ಎಡಗೈ ಬಂತು. ಬಂತು ಅಂದರೆ ಮುಂಚೆಯೂ ಇತ್ತು, ನಮ್ಮ ಗುಂಪಿಗೆ ಆಗ ಬಂತು. ಒಂದೇ ಕೀಬೋರ್ಡನ್ನು ಎರಡು ಭಾಗ ಮಾಡಿ ಎಡಗಡೆಗೆ ಬೇಸ್ ಸೌಂಡು ಇಟ್ಟುಕೊಂಡರೆ ಮುಗಿಯಿತು. ಕಿಲುಬಿಲ್ಲ, ಹಮ್ಮಿಂಗಿಲ್ಲ, ಗಾಡಿಯಲ್ಲಿ ಒಂದು ಸೀಟು ಉಳಿಯಿತು, ರಾತ್ರಿಗೆ ನನಗೆ ಕೊಡುವ ಸಾವಿರದೈನೂರೂ ಉಳಿಯಿತು. ನಮ್ಮ ಕೀಬೋರ್ಡ್ ಅಣ್ಣ ಒಳ್ಳೆಯವನು, ಹೇಳಲು ನಾಲ್ಕು ದಿನ ಒದ್ದಾಡಿದ. ಕೊನೆಗೆ ಫೋನ್ ಮಾಡಿ, ‘ಈ ಸಲ ಬಜೆಟ್ ಕಮ್ಮಿ ಮಾರಾಯ, ಬೇಜಾರು ಮಾಡ್ಕೋಬೇಡ’ ಅಂದ. ‘ಛೇ, ಅದಕ್ಕೇನಂತೆ ಅಣ್ಣ’ ಅಂದೆ. ಬೇಜಾರಾಗಿತ್ತು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಅವರ ಮುಂದಿನ ಕಾರ್ಯಕ್ರಮಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಾಗ. ಏನೂ ಕಮ್ಮಿಯಾಗಿರಲಿಲ್ಲ. ಜನ ಮೊದಲಿನ ಹಾಗೇ ಕುಣಿಯುತ್ತಿದ್ದರು. ಬೇಸ್ ಇಲ್ಲದಿದ್ದರೆ ಹಾಡು ಸೊರಗುತ್ತದೆ ಅಂತ ನಾವು ಬೇಸಿನವರು ಹೇಳಿಕೊಂಡು ತಿರುಗುತ್ತೇವಲ್ಲ, ಎಡಗೈಯಲ್ಲಿ ಬೇಸ್ ಇತ್ತಲ್ಲ ಮಾರಾಯರೇ, ಯಾಕೆ ಸೊರಗುತ್ತದೆ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಅವರದ್ದೂ ನಿಂತಿತು. ರಿದಮ್ ಪ್ಯಾಡಿನ ಹುಡುಗ ತರಕಾರಿ ಗಾಡಿ ಹಾಕಿದ. ನಾನು ಆಂಪ್ಲಿಫೈಯರ್ ಮಾರಿದೆ, ಬೇಸನ್ನು ಮಂಚದಡಿ ತಳ್ಳಿದೆ. ಆ ವರ್ಷದ ಬಗ್ಗೆ ಎಲ್ಲರೂ ಬರೆದಾಗಿದೆ.

ಮತ್ತೆ ಫೋನ್ ಬಂದಿದ್ದು ಎಲ್ಲಾ ಶುರುವಾದ ಮೇಲೆ, ಭದ್ರಾವತಿಯ ಒಂದು ಮದುವೆ ಮನೆಯಿಂದ. ಕೀಬೋರ್ಡ್ ಅಣ್ಣನ ದನಿ ನಡುಗುತ್ತಿತ್ತು. ‘ಎಲ್ಇಡಿ ವಾಲ್ ಹಾಕಿದಾರೆ, ಕೀಬೋರ್ಡ್ ಹಚ್ಚಿದರೆ ಗುಂಯ್ ಅಂತಿದೆ, ಮೈಕ್‌ಸೆಟ್ಟಿನ ಹುಡುಗನಿಗೆ ಏನೂ ಗೊತ್ತಿಲ್ಲ. ನಿನ್ನ ಹತ್ರ ಅದೊಂದು ಡಬ್ಬಿ ಇತ್ತಲ್ಲ?’ ಡಬ್ಬಿ ಅಂದರೆ ಡಿಐ ಬಾಕ್ಸ್. ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೈಕಿನ ಕೇಬಲ್ಲಿನಲ್ಲಿ ನೂರು ಅಡಿ ಆಚೆಯ ಮಿಕ್ಸರ್ ತನಕ ಗಲೀಜಾಗದ ಹಾಗೆ ಕಳಿಸುವ ತಗಡಿನ ಪೆಟ್ಟಿಗೆ. ಅದರಲ್ಲಿ ‘ಗ್ರೌಂಡ್ ಲಿಫ್ಟ್’ ಅಂತ ಒಂದು ಗುಂಡಿ. ಸ್ಟೇಜಿನ ಅರ್ಥೂ ಮಿಕ್ಸರಿನ ಅರ್ಥೂ ಕೇಬಲ್ಲಿನ ಮೂಲಕ ಒಂದನ್ನೊಂದು ಕೈಹಿಡಿದು ಉಂಗುರವಾದಾಗ ಬರುವ ಗುಂಯ್ ಅನ್ನು ಅದು ಅಲ್ಲೇ ಕತ್ತರಿಸುತ್ತದೆ. ಇದನ್ನು ಕೊಂಡಾಗ ಗುಂಪಿನವರೆಲ್ಲ ನಕ್ಕಿದ್ದರು. ಆ ದುಡ್ಡಿಗೆ ಒಂದು ಒಳ್ಳೆ ಎಫೆಕ್ಟ್ ಪೆಡಲ್ ಬರುತ್ತಿತ್ತು, ಇದನ್ನು ಹಾಕಿದರೆ ಸೌಂಡಿನಲ್ಲಿ ಏನೂ ಬದಲಾಗಲ್ಲವಲ್ಲ ಅಂತ. ಏನೂ ಬದಲಾಗದಿರುವುದಕ್ಕೇ ಅದನ್ನು ಕೊಳ್ಳೋದು!

ಬೈಕಿನಲ್ಲಿ ಹೋದೆ. ಟೆಸ್ಟರ್ ಹಚ್ಚಿ ನೋಡಿ, ಸ್ಟೇಜಿನ ಸಾಮಾನೆಲ್ಲ ಅರ್ಥ್ ಇರುವ ಒಂದೇ ಬೋರ್ಡಿಗೆ ತಂದು, ಎಲ್ಇಡಿ ವಾಲಿನ ವೈರಿನ ಪಕ್ಕದಲ್ಲೇ ಮಲಗಿದ್ದ ಕೇಬಲ್ಲನ್ನು ಎಳೆದು ಬೇರೆ ಮಾಡಿ, ಡಬ್ಬಿ ಸೇರಿಸಿ ಗುಂಡಿ ಒತ್ತಿದೆ. ಗುಂಯ್ ನಿಂತಿತು. ಅಷ್ಟೊತ್ತೂ ಅದರ ಮೇಲೇ ಕೂಗಿ ಮಾತಾಡುತ್ತಿದ್ದ ಅಡುಗೆಯವರ ದನಿ ಒಮ್ಮೆಗೇ ಹಾಲ್ ತುಂಬಾ ಕೇಳಿಸಿತು, ‘ಪಾಯಸಕ್ಕೆ ಸಕ್ಕರೆ ಯಾರೂ ಹಾಕೇ ಇಲ್ಲ’ ಅಂತ. ಊಟ ಮುಗಿಸಿ ಹೊರಡುವಾಗ ಅಣ್ಣ ಹೇಳಿದ, ‘ಬಂದಿದ್ದೀಯಲ್ಲ, ಬೇಸ್ ತಂದಿದ್ರೆ ನುಡಿಸಬಹುದಿತ್ತು.’ ಮುಂದಿನ ಸಲ ಡಬ್ಬಿಯ ಜೊತೆ ಬೇಸನ್ನೂ ತಗೊಂಡು ಹೋದೆ. ಅದಕ್ಕೂ ಮುಂದಿನ ಸಲ ಗಾಡಿಯಲ್ಲಿ ನನಗೊಂದು ಸೀಟಿತ್ತು. ಹಿಂದಿನ ಸೀಟು, ಚಕ್ರದ ಮೇಲಿನದ್ದು.

ಹಾಗಾಗಿ ಈಗ ಯಾರಾದರೂ ಹುಡುಗರು ಬಂದು ‘ಅಣ್ಣ, ಮೊದಲು ಯಾವ ಪೆಡಲ್ ತಗೊಳ್ಳಲಿ’ ಅಂದರೆ ನನ್ನ ಬ್ಯಾಗ್ ಬಿಚ್ಚಿ ತೋರಿಸುತ್ತೇನೆ. ಎರಡು ಒಳ್ಳೆ ಕೇಬಲ್, ಡಬ್ಬಿ, ಟೆಸ್ಟರ್, ಇನ್ಸುಲೇಶನ್ ಟೇಪು, ಮಳೆಗಾಲಕ್ಕೆ ಗಿಟಾರಿನ ಕತ್ತು ಬಾಗಿದರೆ ಸರಿಮಾಡುವ ಆಲನ್ ಕೀ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ, ಟ್ಯೂನರಿಗೆ ಒಂದು ಹೆಚ್ಚಿನ 9 ವೋಲ್ಟ್ ಬ್ಯಾಟರಿ. ಹುಡುಗರ ಮುಖ ಸಪ್ಪಗಾಗುತ್ತದೆ. ನನ್ನ ಮುಖವೂ ಆ ವಯಸ್ಸಿನಲ್ಲಿ ಆಗುತ್ತಿತ್ತು ಬಿಡಿ.

ಹೋದ ಗಣಪತಿಯಲ್ಲಿ ಸಾಗರದ ಹತ್ತಿರ ಒಂದು ಕಾರ್ಯಕ್ರಮ. ನನ್ನ ಡಬ್ಬಿಗೂ ಬಗ್ಗದ ಹಮ್ಮಿಂಗ್. ಪೆಂಡಾಲಿನ ಸೀರಿಯಲ್ ಸೆಟ್ಟೆಲ್ಲ ಸ್ಟೇಜಿನ ಕಂಬಕ್ಕೇ ಸುತ್ತಿದ್ದರು, ಬಿಚ್ಚಿ ಅಂದರೆ ಕಮಿಟಿಯವರು ಕೇಳಬೇಕಲ್ಲ. ಎರಡೂ ಪಿಕಪ್ ಪೂರ್ತಿ ಏರಿಸಿದರೂ ಸಣ್ಣಗೆ ಗುಂಯ್ ಉಳಿದೇ ಇತ್ತು. ಟ್ಯೂನರಿನ ಮುಳ್ಳು ಎಂದಿನ ಹಾಗೆ ಜಿಯಿಂದ ಬಲಕ್ಕೆ. ನಾಲ್ಕನೇ ಹಾಡಿನ ಹೊತ್ತಿಗೆ ಕರೆಂಟು ಹೋಯಿತು. ಕತ್ತಲಲ್ಲಿ ಮಕ್ಕಳು ಹೋ ಅಂದರು. ಶಾಲೆಯ ಹಿಂದೆ ಜನರೇಟರ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಲೈಟೆಲ್ಲ ಒಟ್ಟಿಗೆ ಬಂದ ಭಾರಕ್ಕೆ ಅದು ಸ್ವಲ್ಪ ಕುಗ್ಗಿತು, ನನ್ನ ಸ್ಪೀಕರಿನ ಗುಂಯ್ ಕೂಡ ಅದರ ಜೊತೆಗೇ ಒಂದು ಕೂದಲೆಳೆ ಇಳಿಯಿತು. ಕೆಳಗೆ ನೋಡಿದೆ. ಮುಳ್ಳು ನಟ್ಟನಡುವೆ ನಿಂತಿತ್ತು, ಹಸಿರು ದೀಪ.

ಕೀಬೋರ್ಡ್ ಅಣ್ಣನಿಗೆ ಅದನ್ನು ತೋರಿಸಿದೆ. ಬಗ್ಗಿ ನೋಡಿ, ಗಾಯಕಿಯ ಕಡೆ ತಿರುಗಿ, ‘ಆ ಡಿ ಹಾಡು ಆಮೇಲೆ ಹೇಳಮ್ಮ. ಜಿ ಹಾಡು ಯಾವುದಿದೆಯೋ ಎಲ್ಲಾ ಈಗಲೇ ಮುಗಿಸಿಬಿಡೋಣ’ ಅಂದ.